ಮಾರಿಷಸ್ 1948: ಓಟು ಸಿಕ್ಕಿತು ಸರಿ, ಅಧಿಕಾರ ಸಿಕ್ಕಿತಾ?

ಹಳೇಕಡತ:
ಮಾರಿಷಸ್‌ನ 1948ರ ಚುನಾವಣೆ ಬಗ್ಗೆ ಇಲ್ಲಿ ಯಾರಾದರೂ ಓದಿದ್ದೀರಾ? ಆಗಸ್ಟ್ 9 ಮತ್ತು 10ರಂದು ನಡೆದದ್ದು. ಆಗಿನ್ನೂ ಅದು ಬ್ರಿಟಿಷರ ವಸಾಹತು. ಆ ದ್ವೀಪದ ಇತಿಹಾಸ ಬರೆಯುವವರೆಲ್ಲ ಇದನ್ನು ದೊಡ್ಡ ತಿರುವು ಅನ್ನುತ್ತಾರೆ. ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಮೊದಲ ಸಲ ಶಾಸನ ಸಭೆಗೆ ದಂಡಾಗಿ ಬಂದರು ಅಂತ. 19 ಚುನಾಯಿತ ಸ್ಥಾನಗಳಲ್ಲಿ 11 ಹಿಂದೂಗಳ ಪಾಲಾಯಿತು, 7 ಕ್ರಿಯೋಲರ, ಅಂದರೆ ಆಫ್ರಿಕನ್ ಅಥವಾ ಮಿಶ್ರ ಮೂಲದವರ, ಪಾಲಾಯಿತು. ಫ್ರೆಂಚ್ ಮೂಲದ ಬಿಳಿಯರಿಗೆ ಸಿಕ್ಕಿದ್ದು ಒಂದೇ ಒಂದು.

ಆದರೆ ಸಭೆಯ ಪೂರ್ತಿ ಲೆಕ್ಕ ನೋಡಿ. ಗೆದ್ದು ಬಂದವರು 19. ಗವರ್ನರ್ ತಾನೇ ಆರಿಸಿ ಕೂರಿಸಿದವರು 12. ಹುದ್ದೆಯ ಬಲದಿಂದ ಕೂತ ಅಧಿಕಾರಿಗಳು 3. ಅಧ್ಯಕ್ಷರ ಕುರ್ಚಿಯಲ್ಲಿ ಮತ್ತೆ ಗವರ್ನರೇ. ಆ 12 ಜನರಲ್ಲಿ ಹೆಚ್ಚಿನವರು ತೋಟದ ಮಾಲೀಕರ ಕಡೆಯ ಸಂಪ್ರದಾಯವಾದಿಗಳು. ಅಂದರೆ 34ರಲ್ಲಿ 15 ಮತ ಮೊದಲೇ ಆ ಕಡೆ. ಗೆದ್ದವರಲ್ಲಿ ಮೂವರು ಅತ್ತ ವಾಲಿದರೆ ಮುಗೀತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕಥೆ.

ಹಾಗಿರುವಾಗ ಇದನ್ನು ಗೆಲುವು ಅಂತ ಯಾಕೆ ಕರೆಯಬೇಕು? ಸುಮ್ನೆ ಕೆಣಕೋಕೆ ಕೇಳ್ತಿಲ್ಲ. ನಿಜವಾಗಿಯೂ ಅರ್ಥವಾಗಿಲ್ಲ.

ಲೆಕ್ಕದಮೇಷ್ಟ್ರು:
ಹಳೇಕಡತ ಅವರೇ, ಸಭೆಯ ಒಳಗಿನ ಲೆಕ್ಕ ಸರಿಯಾಗಿದೆ. ಹೊರಗಿನ ಲೆಕ್ಕವನ್ನೂ ಸ್ವಲ್ಪ ನೋಡೋಣ.

ಮಾರಿಷಸ್‌ನಲ್ಲಿ ಮೊದಲ ಚುನಾವಣೆ ಆದದ್ದು 1886ರಲ್ಲಿ. ಆಗ ಗವರ್ನರ್ ಜಾನ್ ಪೋಪ್ ಹೆನ್ನೆಸ್ಸಿ. ಒಟ್ಟು 10 ಚುನಾಯಿತ ಸ್ಥಾನ. ರಾಜಧಾನಿ ಪೋರ್ಟ್ ಲೂಯಿಗೆ ಎರಡು, ಉಳಿದ 8 ಜಿಲ್ಲೆಗಳಿಗೆ ಒಂದೊಂದು. ಓಟು ಬೇಕೆಂದರೆ ಆಸ್ತಿ ಇರಬೇಕು, ಇಲ್ಲವೇ ತಿಂಗಳಿಗೆ ಕನಿಷ್ಠ 50 ರೂಪಾಯಿ ಸಂಬಳ ಬರಬೇಕು. ಭಾರತದಿಂದ ಕರಾರಿನ ಮೇಲೆ ಬಂದ ಕೂಲಿಗೆ ಶುರುವಿನಲ್ಲಿ ಗೊತ್ತುಮಾಡಿದ್ದ ತಿಂಗಳ ಕೂಲಿ 5 ರೂಪಾಯಿ. ಇನ್ನು ಯಾರು ಒಳಗೆ, ಯಾರು ಹೊರಗೆ ಅಂತ ಬಿಡಿಸಿ ಹೇಳಬೇಕಾ?

ಮೂರೂವರೆ ಲಕ್ಷದಷ್ಟು ಜನರಿದ್ದ ದ್ವೀಪದಲ್ಲಿ ಮತದಾರರ ಪಟ್ಟಿಗೆ ಸೇರಿದವರು 4,061. ಅದರಲ್ಲಿ ಭಾರತೀಯ ಮೂಲದವರು 295. ಆ ಹೊತ್ತಿಗಾಗಲೇ ಜನಸಂಖ್ಯೆಯ ಮೂರನೇ ಎರಡು ಪಾಲು ಅವರೇ ಇದ್ದರು.

ಈ ಪಟ್ಟಿ 60 ವರ್ಷ ಕಳೆದರೂ 12 ಸಾವಿರ ದಾಟಲಿಲ್ಲ. 1948ಕ್ಕೆ ಬಂದಾಗ ಒಮ್ಮೆಲೇ 70 ಸಾವಿರ ದಾಟಿತು. ಆರು ಪಟ್ಟು! ಗವರ್ನರ್ 12 ಜನರನ್ನು ಕೂರಿಸಿದ್ದು ನಿಜ. ಆದರೆ ಈ 70 ಸಾವಿರ ಹೆಸರುಗಳನ್ನು ಪಟ್ಟಿಯಿಂದ ಅಳಿಸುವುದು ಯಾವ ಗವರ್ನರ್ ಕೈಯಲ್ಲೂ ಆಗುವ ಕೆಲಸವಾಗಿರಲಿಲ್ಲ.

ಸಂಜೆಮಲ್ಲಿಗೆ:
ಮೇಷ್ಟ್ರೇ, ಒಂದು ಪ್ರಶ್ನೆ. ಆರು ಪಟ್ಟು ಹೇಗೆ ಏರಿತು? ಎಲ್ಲ ವಯಸ್ಕರಿಗೂ ಓಟು ಕೊಟ್ಟುಬಿಟ್ಟರಾ?

ಲೆಕ್ಕದಮೇಷ್ಟ್ರು:
ಇಲ್ಲಮ್ಮ. ಎಲ್ಲ ವಯಸ್ಕರಿಗೂ ಸಿಕ್ಕಿದ್ದು 1959ರ ಚುನಾವಣೆಯಲ್ಲಿ. 1947ರ ಸಂವಿಧಾನದಲ್ಲಿ ಆಸ್ತಿಯ ಗೋಡೆ ಒಡೆದು ಅಕ್ಷರದ ಬೇಲಿ ಹಾಕಿದರು. 21 ವರ್ಷ ತುಂಬಿರಬೇಕು, ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೂ ಒಂದು ಭಾಷೆಯಲ್ಲಿ ಒಂದೆರಡು ಸರಳ ವಾಕ್ಯ ಓದಿ ಬರೆಯಬೇಕು. ಬರೀ ಇಂಗ್ಲಿಷ್, ಫ್ರೆಂಚ್ ಅಲ್ಲ. ಹಿಂದಿ, ಉರ್ದು, ತಮಿಳು, ತೆಲುಗು, ಚೀನೀ, ಕ್ರಿಯೋಲ್ ಕೂಡ ನಡೆಯುತ್ತಿತ್ತು. ಸೈನ್ಯದಲ್ಲಿ ಕೆಲಸ ಮಾಡಿದವರಿಗೂ ಓಟು ಇತ್ತು. ಹೆಂಗಸರಿಗೂ ಇದೇ ನಿಯಮದಡಿ ಮೊದಲ ಸಲ ಸಿಕ್ಕಿತು.

ಬಿಸಿಲುಕುದುರೆ:
ಕನ್ನಡ ಇರಲಿಲ್ವಾ ಪಟ್ಟಿಯಲ್ಲಿ? 😀

ಲೆಕ್ಕದಮೇಷ್ಟ್ರು:
ಇರಲಿಲ್ಲ. ಕೂಲಿಗಳ ಹಡಗು ಹೊರಟಿದ್ದು ಕಲ್ಕತ್ತ, ಮದರಾಸು, ಬೊಂಬಾಯಿ ಬಂದರುಗಳಿಂದ. ಜಾಸ್ತಿ ಜನ ಬಿಹಾರ ಮತ್ತು ಈಗಿನ ಉತ್ತರ ಪ್ರದೇಶದ ಪೂರ್ವ ಭಾಗದವರು. ಆಮೇಲೆ ತಮಿಳರು, ತೆಲುಗರು, ಕೊಂಕಣ ಕರಾವಳಿಯ ಮರಾಠಿಗರು. ನಮ್ಮವರು ಅಲ್ಲಿ ಇಲ್ಲಿ ಒಬ್ಬಿಬ್ಬರು ಹೋಗಿರಬಹುದು, ಪ್ರತ್ಯೇಕ ಸಮುದಾಯವಾಗಿ ನೆಲೆ ನಿಂತದ್ದಿಲ್ಲ.

ಪಯಣಿಗ:
ನಾನು ಕೆಲಸದ ಮೇಲೆ ಸ್ವಲ್ಪ ಕಾಲ ಎಬೆನ್‌ನಲ್ಲಿದ್ದೆ. ಮಾರಿಷಸ್‌ನ ಐಟಿ ಕಂಪನಿಗಳೆಲ್ಲ ಇರುವ ಜಾಗ ಅದು. ಆಫೀಸಿನಲ್ಲಿ ಒಬ್ಬ ಹಿರಿಯರಿದ್ದರು. ಭೋಜ್‌ಪುರಿ ಮನೆಮಾತಿನವರು. ಅವರ ಬಾಯಲ್ಲಿ ಕೇಳಿದ ಮೇಲೆ ನನಗೆ ಈ ಅಕ್ಷರದ ಬೇಲಿಯ ಕಥೆ ತಿಳಿದದ್ದು.

ಹಳ್ಳಿಗಳಲ್ಲಿ 'ಬೈಠ್ಕಾ' ಅಂತ ಇರುತ್ತದೆ. ಊರವರು ಸಂಜೆ ಹೊತ್ತು ಸೇರುವ ಜಾಗ. ರಾಮಾಯಣ ಓದುವುದು, ಭಜನೆ, ನ್ಯಾಯ ಪಂಚಾಯ್ತಿ, ಮಕ್ಕಳಿಗೆ ಹಿಂದಿ ಪಾಠ ಎಲ್ಲ ಅಲ್ಲೇ. ನಾನು ನೋಡಿದ್ದು ಈಗಿನ ಸಿಮೆಂಟಿನ ಕಟ್ಟಡಗಳನ್ನು. ಆಗ ಹುಲ್ಲಿನ ಮಾಡು, ಲಾಟೀನು ಬೆಳಕು.

1940ರ ದಶಕದಲ್ಲಿ ಬಾಸದೇವ್ ಬಿಸುನ್‌ದಯಾಳ್ ಅನ್ನುವವರು ಜನ ಆಂದೋಲನ ಅಂತ ಒಂದು ಚಳವಳಿ ಕಟ್ಟಿದರು. ಲಾಹೋರ್, ಕಲ್ಕತ್ತಗಳಲ್ಲಿ ಓದಿ 1939ರಲ್ಲಿ ಊರಿಗೆ ವಾಪಸಾಗಿದ್ದವರು. ಖಾದಿ, ಗಾಂಧಿ, ಗೀತೆ ಇವೆಲ್ಲ ಅವರ ಬಂಡವಾಳ. ಸರ್ಕಾರ ಅವರನ್ನು ಒಂದಲ್ಲ ಹಲವು ಸಲ ಜೈಲಿಗೆ ಹಾಕಿತು. 1943ರ ಡಿಸೆಂಬರ್‌ನಲ್ಲಿ ಪೋರ್ಟ್ ಲೂಯಿಯಲ್ಲಿ ಅವರು ನಡೆಸಿದ ಮಹಾಯಜ್ಞಕ್ಕೆ 60 ಸಾವಿರ ಜನ ಸೇರಿದ್ದರು ಅಂತ ಹೇಳುತ್ತಾರೆ. ಇಡೀ ದ್ವೀಪದ ಜನಸಂಖ್ಯೆಯೇ ಆಗ ನಾಲ್ಕು ಲಕ್ಷದ ಆಸುಪಾಸು, ನೆನಪಿರಲಿ.

ಓದು ಬರಹ ಬಂದರೆ ಓಟು ಅಂತ ಗೊತ್ತಾದ ಮೇಲೆ ಆ ಚಳವಳಿಯ ಸ್ವಯಂಸೇವಕರು ಬೈಠ್ಕಾಗಳನ್ನೇ ರಾತ್ರಿ ಶಾಲೆ ಮಾಡಿದರು. ಬೆಳಗಾಗುವ ಮುಂಚೆ ಕಬ್ಬು ಕಡಿಯಲು ಹೋದವರು ಸಂಜೆ ಬಂದು ಸ್ಲೇಟು ಹಿಡಿದು ಕೂರುತ್ತಿದ್ದರು. ಆ ಹಿರಿಯರ ಅಜ್ಜಿಯೂ ಹಾಗೇ ಕಲಿತದ್ದಂತೆ. ಕುಡುಗೋಲು ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಬಳಪ ನಿಲ್ಲುತ್ತಿರಲಿಲ್ಲವಂತೆ. ಮುಷ್ಟಿ ಕಟ್ಟಿ ಹಿಡಿದು ತೀಡುತ್ತಿದ್ದರಂತೆ. ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಒಂದು ವಾಕ್ಯ. ಹೆಸರು ನೋಂದಾಯಿಸುವ ಅಧಿಕಾರಿಯ ಮುಂದೆ ಕೈ ನಡುಗಬಾರದು ಅಂತ ಅದೇ ವಾಕ್ಯವನ್ನು ನೂರು ಸಲ ಬರೆಸುತ್ತಿದ್ದರಂತೆ.

ಹಳೇಕಡತ ಸರ್, ನೀವು ಗೆಲುವನ್ನು ಸಭೆಯಲ್ಲಿ ಹುಡುಕ್ತಿದ್ದೀರಿ. ಅದು ಸಭೆ ಸೇರುವ ಮೊದಲೇ ಆಗಿಹೋಗಿತ್ತು ಅನ್ನುವುದು ನನ್ನ ಮಾತು. ಹೆಬ್ಬೆಟ್ಟು ಒತ್ತುತ್ತಿದ್ದವರು ರುಜು ಹಾಕಿದರಲ್ಲ, ಅಲ್ಲಿ.

ಹಳೇಕಡತ:
ಪಯಣಿಗ, ಚೆನ್ನಾಗಿ ಬರೆದಿದ್ದೀರಿ. ಅಜ್ಜಿಯ ಕಥೆಗೆ ನಾನೇನೂ ಎದುರು ಹೇಳುವುದಿಲ್ಲ. ಆದರೆ ಇದರಲ್ಲಿ ಒಂದು ಅಪಾಯ ಇದೆ. ಜನ ಅಕ್ಷರ ಕಲಿತದ್ದನ್ನೇ ಗೆಲುವು ಅಂದುಬಿಟ್ಟರೆ, ಅಧಿಕಾರ ಕೊಡದ ಸರ್ಕಾರಕ್ಕೆ ನಾವೇ ರಿಯಾಯಿತಿ ಕೊಟ್ಟ ಹಾಗಾಗುತ್ತದೆ. ಅಕ್ಷರ ಕಲಿತಿದ್ದು ಕೂರಲಿಕ್ಕಲ್ಲ, ಕೂಲಿ ದರ ಏರಿಸಲಿಕ್ಕೆ, ಶಾಲೆ ತೆರೆಸಲಿಕ್ಕೆ. ಅದಕ್ಕೆ ಬಹುಮತ ಬೇಕು. ಬಹುಮತ ಕೊಡಲಿಲ್ಲ.

ಬಿಸಿಲುಕುದುರೆ:
ಎಲ್ಲರೂ 'ಭಾರತೀಯ ಮೂಲದವರು ಗೆದ್ದರು' ಅಂತ ಒಂದೇ ಗಂಟು ಕಟ್ಟುತ್ತಿದ್ದೀರಿ. ಅದನ್ನು ಸ್ವಲ್ಪ ಬಿಚ್ಚೋಣ.

ಭಾರತೀಯ ಮೂಲದವರು ಮೊದಲು ಗೆದ್ದದ್ದು 1948ರಲ್ಲಲ್ಲ, 1926ರಲ್ಲಿ. ಇಬ್ಬರು. ಗ್ರಾನ್ ಪೋರ್‌ನಿಂದ ಧನಪತ್ ಲಾಲಾ, ಫ್ಲಾಕ್‌ನಿಂದ ರಾಜಕುಮಾರ್ ಗುಜಾಧರ್. ಗುಜಾಧರ್ ಮನೆತನ ಸಕ್ಕರೆ ತೋಟಗಳ ಒಡೆಯರು. ಈಗ 1937ಕ್ಕೆ ಬನ್ನಿ. ಸಣ್ಣ ರೈತರು ಬೆಳೆಯುತ್ತಿದ್ದ ಊಬಾ ಅನ್ನುವ ಕಬ್ಬಿನ ತಳಿಗೆ ಕಾರ್ಖಾನೆಗಳು ಒಮ್ಮೆಲೇ ನೂರಕ್ಕೆ 15ರಷ್ಟು ಬೆಲೆ ಇಳಿಸಿದವು. ಗಲಾಟೆ ಶುರುವಾಯಿತು. ಆಗಸ್ಟ್‌ನಲ್ಲಿ ಯೂನಿಯನ್ ಫ್ಲಾಕ್ ತೋಟದ ಹತ್ತಿರ ಗುಂಡು ಹಾರಿ ನಾಲ್ವರು ಸತ್ತರು. ಆ ತೋಟ ಯಾರದ್ದು? ಗುಜಾಧರ್ ಮನೆತನದ್ದೇ.

ಅಂದರೆ ಒಂದೇ ಕಡೆಯಿಂದ ಹಡಗು ಹತ್ತಿ ಬಂದವರು ಅನ್ನುವುದರಿಂದಲೇ ಎಲ್ಲರ ಹಿತ ಒಂದೇ ಆಗುವುದಿಲ್ಲ. 1926ರಲ್ಲಿ ಗೆದ್ದದ್ದು ದುಡ್ಡಿದ್ದವರು. 1948ರಲ್ಲಿ ನಿಜವಾಗಿ ಬದಲಾದದ್ದು ಇದು. ಕೂಲಿಯ ಓಟು ಬೇಕು ಅಂತ ಅಭ್ಯರ್ಥಿ ಕೂಲಿಯ ಮನೆ ಬಾಗಿಲಿಗೆ ಬರಬೇಕಾಯಿತು. ನನಗೆ ಮುಖ್ಯ ಅನ್ನಿಸುವುದು ಅದು, ಯಾವ ಜಾತಿಯವರು ಎಷ್ಟು ಸ್ಥಾನ ಗೆದ್ದರು ಅನ್ನುವುದಲ್ಲ.

ಉಪ್ಪುನೀರು:
ಬಿಸಿಲುಕುದುರೆ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಲೇಬರ್ ಪಾರ್ಟಿಯನ್ನು 1936ರಲ್ಲಿ ಕಟ್ಟಿದವರು ಡಾ. ಮೋರಿಸ್ ಕ್ಯೂರೆ, ಒಬ್ಬ ಕ್ರಿಯೋಲ್ ವೈದ್ಯ. ಕಬ್ಬಿನ ಕೂಲಿಗಳಲ್ಲಿ ಬಹುಪಾಲು ಭಾರತೀಯ ಮೂಲದವರು, ಬಂದರಿನ ಕೂಲಿಗಳಲ್ಲಿ ಕ್ರಿಯೋಲರು ಜಾಸ್ತಿ. ಇವರಿಬ್ಬರನ್ನೂ ಒಂದೇ ವೇದಿಕೆಗೆ ತರುವುದು ಕ್ಯೂರೆ ಆಸೆ. 1948ರಲ್ಲಿ ಪೋರ್ಟ್ ಲೂಯಿಯಲ್ಲಿ ಗೆದ್ದವರಲ್ಲಿ ಕ್ರಿಯೋಲ್ ನಾಯಕ ಗಿ ರೋಜೆಮಾಂ ಇದ್ದರು, ತಮಿಳು ಮೂಲದ ವಕೀಲ ರೆಂಗನಾಡೆನ್ ಸೀನಿವಾಸೆನ್ ಕೂಡ ಇದ್ದರು. ಹಾಗಾಗಿ ಇದು ಹಿಂದೂಗಳ ಗೆಲುವು ಅಂತ ಬರೆಯುವವರು ಅರ್ಧ ಕಥೆ ಹೇಳುತ್ತಿದ್ದಾರೆ.

ಮಜಾ ಅಂದರೆ ಆ ಅರ್ಧ ಕಥೆಯನ್ನು ಆಗಲೇ ಜೋರಾಗಿ ಹಬ್ಬಿಸಿದವರು ತೋಟ ಮಾಲೀಕರ ಕಡೆಯವರು. 'ಲ ಸೆರ್ನೇಯೆಂ' ಅನ್ನುವ ಹಳೇ ಫ್ರೆಂಚ್ ಪತ್ರಿಕೆ, 1832ರಲ್ಲಿ ಶುರುವಾದದ್ದು, ಹಿಂದೂಗಳು ಎಲ್ಲರನ್ನೂ ನುಂಗಿಬಿಡುತ್ತಾರೆ ಅನ್ನುವ ಭಯವನ್ನು ದಿನಾ ಬಡಿಸುತ್ತಿತ್ತು. ಕ್ರಿಯೋಲ್ ಕೂಲಿಯನ್ನು ಭಾರತೀಯ ಕೂಲಿಯಿಂದ ಬೇರೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಂಜೆಮಲ್ಲಿಗೆ:
ಹೆಂಗಸರ ವಿಷಯ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಮೇಷ್ಟ್ರೇ. 🙂 ನಾನೂ ಸ್ವಲ್ಪ ಹುಡುಕಿ ಓದಿದೆ.

1948ರಲ್ಲಿ ಮೊದಲ ಸಲ ಓಟು ಸಿಕ್ಕಿದ್ದಲ್ಲದೆ, ಅದೇ ಸಲ ಒಬ್ಬ ಹೆಂಗಸು ಗೆದ್ದೂ ಬಂದರು. ಎಮಿಲಿಯೆನ್ ರೋಶ್‌ಕೂಸ್ತ್, ಪ್ಲೇನ್ ವಿಲ್ಹೆಮ್ಸ್–ಬ್ಲ್ಯಾಕ್ ರಿವರ್ ಕ್ಷೇತ್ರದಿಂದ. ಇನ್ನೊಬ್ಬರು ಡೆನಿಸ್ ದ ಶಾಜಾಲ್, ಅವರನ್ನು ಗವರ್ನರ್ ನಾಮಕರಣ ಮಾಡಿದ್ದು. ಒಬ್ಬರು ಜನರ ಓಟಿನಿಂದ, ಇನ್ನೊಬ್ಬರು ಗವರ್ನರ್ ಕೃಪೆಯಿಂದ. ಹಳೇಕಡತ ಹೇಳುವ ಎರಡು ಬಾಗಿಲು ಇಲ್ಲೂ ಇದೆ ನೋಡಿ.

ಆದರೆ ನನಗೆ ಇದರ ಹಿಂದೆ ಕಾಣುವುದು ಬೇರೆ ಹೆಂಗಸು. 1943ರ ಸೆಪ್ಟೆಂಬರ್ 27. ಬೆಲ್ ವ್ಯೂ ಅರೆಲ್ ತೋಟದಲ್ಲಿ ಕೂಲಿ ಜಾಸ್ತಿ ಮಾಡಿ ಅಂತ ಮುಷ್ಕರ. ಪೊಲೀಸರು ಗುಂಡು ಹಾರಿಸಿದರು. ಸತ್ತ ನಾಲ್ವರಲ್ಲಿ ಅಂಜಲೈ ಕೂಪೆನ್ ಒಬ್ಬಳು. ಗರ್ಭಿಣಿ. ಸತ್ತವರಲ್ಲಿ ಒಬ್ಬ ಇನ್ನೂ ಹುಡುಗ. ಈಗ ಆಕೆಯ ಹೆಸರಲ್ಲಿ ಆ ಕಡೆ ದೊಡ್ಡ ಸ್ಟೇಡಿಯಂ ಇದೆ.

ಬ್ರಿಟಿಷರು 1947ರಲ್ಲಿ ಹೊಸ ಸಂವಿಧಾನ ಕೊಟ್ಟದ್ದು ಯಾಕೆ ಅಂತ ಕೇಳಿದರೆ ನಾನು 1937, 1943 ಅಂತ ಎರಡು ಇಸವಿ ಹೇಳುತ್ತೇನೆ. ಕೊಟ್ಟರು ಅನ್ನಬೇಡಿ. ಕೊಡುವ ಹಾಗೆ ಮಾಡಿದರು.

ಪಯಣಿಗ:
ಅಕ್ಕ, ಸರಿಯಾಗಿ ಹೇಳಿದಿರಿ.

ಉಪ್ಪುನೀರು:
ಬೇರೆ ದ್ವೀಪಗಳ ಜೊತೆ ಇಟ್ಟು ನೋಡಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ.

ಫಿಜಿಯಲ್ಲಿ ಭಾರತೀಯರಿಗೆ 1929ರಲ್ಲಿ ಮೂರು ಸ್ಥಾನ ಕೊಟ್ಟರು. ಆದರೆ ಪ್ರತ್ಯೇಕ ಪಟ್ಟಿ. ಭಾರತೀಯರು ಭಾರತೀಯರಿಗೆ ಮಾತ್ರ ಓಟು ಹಾಕಬೇಕು. ಗೆದ್ದ ಮೂವರೂ ಎಲ್ಲರಿಗೂ ಒಂದೇ ಮತಪಟ್ಟಿ ಬೇಕು ಅಂತ ಪಟ್ಟು ಹಿಡಿದು, ಬೇಡಿಕೆ ಬಿದ್ದುಹೋದ ಮೇಲೆ ಸಭೆಯಿಂದ ಎದ್ದು ಹೋದರು. ಅದೂ ಗೆದ್ದ ಕೆಲವೇ ವಾರಗಳಲ್ಲಿ, ನವೆಂಬರ್‌ನಲ್ಲಿ. ಮಾರಿಷಸ್‌ನಲ್ಲಿ ಸಾಮಾನ್ಯ ಪಟ್ಟಿ ಇದ್ದದ್ದು ದೊಡ್ಡ ವಿಷಯ. ಕೂಲಿಯೂ ಮಾಲೀಕನೂ ಒಂದೇ ಪೆಟ್ಟಿಗೆಗೆ ಓಟು ಹಾಕಿದರು.

ಟ್ರಿನಿಡಾಡ್‌ನಲ್ಲಿ 1946ರಲ್ಲೇ ಎಲ್ಲ ವಯಸ್ಕರಿಗೂ ಓಟು ಬಂತು. ಅದಕ್ಕೂ ಮುಂಚೆ ಇಂಗ್ಲಿಷ್ ಅರ್ಥವಾಗುವವರಿಗೆ ಮಾತ್ರ ಓಟು ಅನ್ನುವ ಸಲಹೆ ಬಂದಿತ್ತು. ಭಾರತೀಯರು ಗದ್ದಲ ಎಬ್ಬಿಸಿದರು, ಅದನ್ನು ಕೈಬಿಟ್ಟರು. ಸಿಲೋನ್‌ನಲ್ಲಂತೂ 1931ರಲ್ಲೇ ಎಲ್ಲರಿಗೂ ಓಟು. ಹಾಗೆ ನೋಡಿದರೆ ಮಾರಿಷಸ್‌ಗೆ 1948ರಲ್ಲೂ ಅಕ್ಷರ ಪರೀಕ್ಷೆ ಇಟ್ಟದ್ದು ಜಿಪುಣತನವೇ. ಇಲ್ಲಿ ನಾನು ಹಳೇಕಡತ ಪಕ್ಷ.

ಹಳೇಕಡತ:
ಅಬ್ಬಾ, ಒಬ್ಬರಾದರೂ ಸಿಕ್ಕರು!

ಈಗ ನನ್ನ ಮಾತನ್ನು ಇನ್ನೂ ಬಿಗಿ ಮಾಡುತ್ತೇನೆ. 1948ರ ಆಟವನ್ನು 1953ರಲ್ಲಿ ಮತ್ತೆ ಆಡಿದರು. ಆ ಹೊತ್ತಿಗೆ ಗವರ್ನರ್ ಹಿಲರಿ ಬ್ಲಡ್. 19ರಲ್ಲಿ ಬಹುಪಾಲು ಸ್ಥಾನ ಲೇಬರ್ ಪಾರ್ಟಿಯೇ ಗೆದ್ದಿತು. ಈ ಸಲ ಪಕ್ಷದ ಹೆಸರಲ್ಲೇ, ಯಾವ ಅನುಮಾನವೂ ಇಲ್ಲದ ಹಾಗೆ. ಗವರ್ನರ್ ಏನು ಮಾಡಿದರು? ಮತ್ತೆ 12 ಜನರನ್ನು ಆರಿಸುವಾಗ ಸಂಪ್ರದಾಯವಾದಿಗಳನ್ನೇ ತುಂಬಿ ತೂಕ ಸರಿ ಮಾಡಿದರು. ಜನ ಎರಡು ಸಲ ಹೇಳಿದರು, ಎರಡು ಸಲವೂ ಕೇಳಿಸಿಕೊಳ್ಳಲಿಲ್ಲ. ಐದು ವರ್ಷ ಒಬ್ಬ ಕೂಲಿಯ ಬದುಕಿನಲ್ಲಿ ಸಣ್ಣದಲ್ಲ. 1948ರಿಂದ 1959 ಅಂದರೆ 11 ವರ್ಷ.

ಲೆಕ್ಕದಮೇಷ್ಟ್ರು:
ಒಪ್ಪುತ್ತೇನೆ, 12 ನಾಮಕರಣ ಸ್ಥಾನ ಅನ್ನುವುದು ಬೇಕೆಂದೇ ಕಟ್ಟಿದ ಅಣೆಕಟ್ಟು. ಆದರೂ ಆ 11 ವರ್ಷ ಖಾಲಿ ಹೋಯಿತು ಅನ್ನುವುದನ್ನು ಒಪ್ಪಲಾರೆ.

ಮುಂದೆ ಸ್ವತಂತ್ರ ಮಾರಿಷಸ್‌ನ ಮೊದಲ ಪ್ರಧಾನಿಯಾದ ಶಿವಸಾಗರ ರಾಮಗುಲಾಂ ಅವರನ್ನೇ ತೆಗೆದುಕೊಳ್ಳಿ. 1921ರಲ್ಲಿ ಲಂಡನ್ನಿಗೆ ಓದಲು ಹೋಗಿ 1935ರಲ್ಲಿ ವೈದ್ಯರಾಗಿ ಬಂದವರು. 1940ರಲ್ಲಿ ಅವರು ಸಭೆಗೆ ಬಂದದ್ದೇ ಗವರ್ನರ್ ನಾಮಕರಣದಿಂದ! 1948ರಲ್ಲಿ ಅದೇ ಮನುಷ್ಯ ಪಾಂಪ್ಲೆಮೂಸ್–ರಿವ್ಯೇರ್ ದ್ಯು ರಾಂಪಾರ್ ಕ್ಷೇತ್ರದಲ್ಲಿ ಜನರ ಓಟು ಪಡೆದು ಬಂದರು. ಆಗ ಅವರು ಲೇಬರ್ ಪಾರ್ಟಿಯ ಅಭ್ಯರ್ಥಿಯೂ ಅಲ್ಲ. ಪಕ್ಷದ ಒಳಗೆ ಬಂದದ್ದು ಆಮೇಲೆ. ನಾಮಕರಣದಿಂದ ಬಂದವನಿಗೆ ಗವರ್ನರ್ ಮುಖ ನೋಡಿ ಮಾತಾಡಬೇಕು. ಗೆದ್ದು ಬಂದವನಿಗೆ ಊರಿನ ಜನ ಕಾಯುತ್ತಿರುತ್ತಾರೆ. ಒಬ್ಬನೇ ಮನುಷ್ಯ, ಎರಡು ಬಾಗಿಲು, ಎರಡು ದನಿ.

1951ರಲ್ಲಿ ರಾಮಗುಲಾಂ ಶಿಕ್ಷಣ ಇಲಾಖೆಗೆ ಲಿಯೇಸನ್ ಆಫೀಸರ್ ಆದರು. ಮಂತ್ರಿ ಅಲ್ಲ, ಮಂತ್ರಿಗಿರಿಯ ತಾಲೀಮು. ಕಡತ ನೋಡುವುದು, ಅಧಿಕಾರಿಗಳ ಜೊತೆ ಜಗಳ ಆಡುವುದು, ಬಜೆಟ್ ಓದುವುದು ಎಲ್ಲ ಕಲಿತದ್ದು ಈ ಕಾಲದಲ್ಲೇ. 1955 ಮತ್ತು 1957ರಲ್ಲಿ ಲಂಡನ್ನಿನಲ್ಲಿ ಸಂವಿಧಾನ ಬದಲಾವಣೆಯ ಮಾತುಕತೆಗೆ ಕೂತಾಗ ಇವರ ಕೈಯಲ್ಲಿದ್ದ ವಾದ ಒಂದೇ. ಜನ ಎರಡು ಸಲ ನಮ್ಮನ್ನು ಗೆಲ್ಲಿಸಿದ್ದಾರೆ, ನೀವು ಎರಡು ಸಲ ತೂಕ ತಪ್ಪಿಸಿದ್ದೀರಿ ಅಂತ. 1948 ಇಲ್ಲದೆ ಆ ವಾದವೇ ಇಲ್ಲ.

ಬಿಸಿಲುಕುದುರೆ:
ಬಿಸುನ್‌ದಯಾಳ್ ಮನೆಯವರ ಕಥೆ ಏನಾಯಿತು? ಬಾಸದೇವ್ ಚುನಾವಣೆಗೆ ನಿಂತರಾ?

ಪಯಣಿಗ:
ನಿಂತದ್ದು ಅವರ ತಮ್ಮ ಸುಖದೇವ್. ಗ್ರಾನ್ ಪೋರ್–ಸವಾನ್ ಕ್ಷೇತ್ರದಿಂದ ಗೆದ್ದರು. ಅಣ್ಣ ಜನರನ್ನು ತಯಾರು ಮಾಡಿದರು, ತಮ್ಮ ಸಭೆಗೆ ಹೋದರು. ಆದರೆ ಸುಖದೇವ್‌ಗೆ ಲೇಬರ್ ಪಾರ್ಟಿ ಜೊತೆ ಸರಿಬರಲಿಲ್ಲ. 1958ರಲ್ಲಿ ಇಂಡಿಪೆಂಡೆಂಟ್ ಫಾರ್ವರ್ಡ್ ಬ್ಲಾಕ್ ಅಂತ ತಮ್ಮದೇ ಪಕ್ಷ ಕಟ್ಟಿದರು. ಆ ಕಡೆಯ ಹಳ್ಳಿಗಳಲ್ಲಿ ಈಗಲೂ ರಾಮಗುಲಾಂ ದೊಡ್ಡವರೋ ಬಿಸುನ್‌ದಯಾಳ್ ದೊಡ್ಡವರೋ ಅಂತ ಜಗಳ ತೆಗೆದರೆ ಸಂಜೆ ಪೂರ್ತಿ ಕಳೆಯಬಹುದು.

ಸಂಜೆಮಲ್ಲಿಗೆ:
11 ಹಿಂದೂ, 7 ಕ್ರಿಯೋಲ್, 1 ಬಿಳಿಯ. 19 ಮುಗಿಯಿತು. ಮುಸ್ಲಿಮರು?

ಉಪ್ಪುನೀರು:
ಒಬ್ಬರೂ ಗೆಲ್ಲಲಿಲ್ಲ. ನಾನು ಕಾಯುತ್ತಿದ್ದ ಪ್ರಶ್ನೆ ಇದು. ಸಾಮಾನ್ಯ ಪಟ್ಟಿಯ ಇನ್ನೊಂದು ಮುಖ ಇಲ್ಲಿದೆ. ಎಲ್ಲರೂ ಒಂದೇ ಪೆಟ್ಟಿಗೆಗೆ ಹಾಕಿದಾಗ ಎಲ್ಲ ಕಡೆ ಚದುರಿರುವ ಸಣ್ಣ ಸಮುದಾಯಕ್ಕೆ ಏನೂ ಸಿಗದೆ ಹೋಗಬಹುದು. ಕ್ಷೇತ್ರಗಳು ಆಗ ಬರೀ ಐದು. ಪ್ಲೇನ್ ವಿಲ್ಹೆಮ್ಸ್–ಬ್ಲ್ಯಾಕ್ ರಿವರ್‌ಗೆ 6 ಸ್ಥಾನ, ಪೋರ್ಟ್ ಲೂಯಿಗೆ 4, ಉಳಿದ ಮೂರಕ್ಕೆ ಮೂರು ಮೂರು. ದೊಡ್ಡ ಕ್ಷೇತ್ರ, ದೊಡ್ಡ ಗುಂಪಿಗೆ ಲಾಭ.

1948ರ ಆ ಸೊನ್ನೆಯನ್ನು ಮುಸ್ಲಿಂ ನಾಯಕರು ಮರೆಯಲಿಲ್ಲ. ಪ್ರತ್ಯೇಕ ಪ್ರಾತಿನಿಧ್ಯ ಬೇಕು ಅನ್ನುವ ಬೇಡಿಕೆ ಬಲವಾಯಿತು. 1959ಕ್ಕೆ ದ್ವೀಪವನ್ನು 40 ಏಕಸದಸ್ಯ ಕ್ಷೇತ್ರಗಳಾಗಿ ಒಡೆದದ್ದಕ್ಕೆ ಇದೂ ಒಂದು ಕಾರಣ. 1966ರಲ್ಲಿ ಚುನಾವಣಾ ಪದ್ಧತಿ ಹೇಗಿರಬೇಕು ಅಂತ ನೋಡಲು ಬ್ಯಾನ್‌ವೆಲ್ ಆಯೋಗ ಬಂತು. ಅಲ್ಲಿಂದ ಬಂದದ್ದೇ 'ಬೆಸ್ಟ್ ಲೂಸರ್' ಪದ್ಧತಿ. ಯಾವ ಸಮುದಾಯಕ್ಕೆ ಕಡಿಮೆ ಸ್ಥಾನ ಬಂದಿದೆಯೋ, ಆ ಸಮುದಾಯದ ಸೋತವರಲ್ಲಿ ಹೆಚ್ಚು ಓಟು ಪಡೆದವರನ್ನು ಸೇರಿಸಿಕೊಳ್ಳುವುದು. ಹಾಗೆ 8 ಸ್ಥಾನ. ಸೋತವರಿಗೂ ಸೀಟಾ ಅಂತ ನಗಬೇಡಿ. ಅದರ ಬೇರು ಈ ಸೊನ್ನೆಯಲ್ಲಿದೆ.

ಹಳೇಕಡತ:
ಇದು ಒಳ್ಳೇ ಮಾತು. ಗವರ್ನರ್‌ಗಳೂ ಇದೇ ನೆಪ ಹೇಳುತ್ತಿದ್ದರು ಅನ್ನುವುದನ್ನು ಮರೆಯಬಾರದು. 'ಅಲ್ಪಸಂಖ್ಯಾತರಿಗೆ ಜಾಗ ಕೊಡೋಕೆ ನಾಮಕರಣ' ಅಂತ. ಆದರೆ 1948ರಲ್ಲಿ ಆ ಜಾಗದ ದೊಡ್ಡ ಪಾಲು ಹೋದದ್ದು ಸಕ್ಕರೆ ಕಾರ್ಖಾನೆಗಳನ್ನು ಇಟ್ಟುಕೊಂಡಿದ್ದ ಅಲ್ಪಸಂಖ್ಯಾತರಿಗೆ!

ಮೇಷ್ಟ್ರೇ, ನಿಮ್ಮ 'ಎರಡು ಬಾಗಿಲು' ವಾದವನ್ನು ಅರ್ಧ ಒಪ್ಪುತ್ತೇನೆ. ಮತದಾರರ ಪಟ್ಟಿ ದೊಡ್ಡದಾದದ್ದು ನಿಜವಾದ ಬದಲಾವಣೆ. ಆದರೆ ಫಲಿತಾಂಶವನ್ನು ಗೆಲುವು ಅನ್ನಲಾರೆ. ನನ್ನ ಪ್ರಕಾರ 1948ರಲ್ಲಿ ಗೆದ್ದದ್ದು ಬೈಠ್ಕಾ, ಸೋತದ್ದು ಸಭೆ.

ಲೆಕ್ಕದಮೇಷ್ಟ್ರು:
ಇರಲಿ, ಅರ್ಧವಾದರೂ ಒಪ್ಪಿದಿರಲ್ಲ.

ಪಯಣಿಗ:
ಎಲ್ಲರೂ 'ದ್ವೀಪದ ಜನ ಓಟು ಹಾಕಿದರು' ಅಂತ ಬರೆಯುತ್ತಿದ್ದೀರಿ, ಅದಕ್ಕೆ ಇನ್ನೊಂದು ವಿಷಯ. ವಸಾಹತಿನಲ್ಲಿದ್ದದ್ದು ಒಂದೇ ದ್ವೀಪ ಅಲ್ಲ. ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರದಲ್ಲಿ ರೋಡ್ರಿಗ್ಸ್ ಇದೆ. ಬಹುತೇಕ ಕ್ರಿಯೋಲರು, ಕ್ಯಾಥೊಲಿಕರು. ಮೀನು, ಈರುಳ್ಳಿ, ದನ, ಇದಿಷ್ಟೇ ಬದುಕು. 1948ರಲ್ಲಿ ಅವರಿಗೆ ಓಟೇ ಇರಲಿಲ್ಲ. 1953ರಲ್ಲೂ ಇಲ್ಲ. ಎಲ್ಲ ವಯಸ್ಕರಿಗೂ ಓಟು ಬಂತು ಅಂದೆವಲ್ಲ, ಆ 1959ರಲ್ಲೂ ಇಲ್ಲ. ಅವರು ಮೊದಲ ಸಲ ಓಟು ಹಾಕಿದ್ದು 1967ರಲ್ಲಿ, ಸ್ವಾತಂತ್ರ್ಯ ಬೇಕೋ ಬೇಡವೋ ಅನ್ನುವುದನ್ನೇ ಮುಂದಿಟ್ಟುಕೊಂಡು ನಡೆದ ಚುನಾವಣೆಯಲ್ಲಿ. ಸಿಕ್ಕಿದ ಎರಡೂ ಸ್ಥಾನವನ್ನು ಅವರು ಸ್ವಾತಂತ್ರ್ಯ ಬೇಡ ಅನ್ನುವ ಪಕ್ಷಕ್ಕೇ ಕೊಟ್ಟರು. ಇಡೀ ದೇಶದಲ್ಲೂ ನೂರಕ್ಕೆ 44ರಷ್ಟು ಓಟು ಆ ಕಡೆಯೇ ಬಿದ್ದಿತ್ತು. ಆದರೂ 1968ರ ಮಾರ್ಚ್ 12ಕ್ಕೆ ಸ್ವಾತಂತ್ರ್ಯ ಬಂತು.

ಸಂಜೆಮಲ್ಲಿಗೆ:
ರೋಡ್ರಿಗ್ಸ್ ಬಗ್ಗೆ ಬೇರೆ ಎಳೆ ಶುರು ಮಾಡಿ ಪಯಣಿಗ. ಇಲ್ಲಿ ಸೇರಿಸಿದರೆ ಕಳೆದುಹೋಗುತ್ತದೆ. ಈರುಳ್ಳಿ ಕಥೆಯೂ ಇರಲಿ ಅದರಲ್ಲಿ.